ಶಾಸನದ ನಡುವಿನ ಸಾಲುಗಳು: ಕಲ್ಯಾಣದ ನೀರು, ಹುಲ್ಲು, ಕಟ್ಟುಪಾಡು

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋದವರೆಲ್ಲ ಅಲ್ಲಿನ ಶಾಸನ ಸುಂದರಿಯ ಫೋಟೊ ತೆಗೆದುಕೊಂಡೇ ಬರ್ತಾರೆ. ನಾನೂ ತೆಗೆದಿದ್ದೇನೆ. ಚಾಲುಕ್ಯ ದೇಗುಲದ ಗೋಡೆಯಲ್ಲಿ ನಿಂತು ಆಕೆ ಬರೀತಾ ಇರೋದು ವಿಕ್ರಮಾದಿತ್ಯನ ಹೊಗಳಿಕೆ. ಶಾಸನ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಮೊದಲಿನ ರಾಜಪ್ರಶಸ್ತಿ, ಕೊನೆಯ ಶಾಪವಾಕ್ಯ. ನಡುವಿನ ಸಾಲುಗಳನ್ನು ಹಾರಿಸಿಕೊಂಡು ಹೋಗ್ತೇವೆ. ಊರಿನ ಭೂಮಿ, ನೀರಿನ ಲೆಕ್ಕ ಇರೋದು ಆ ನಡುವಿನಲ್ಲೇ.

ದತ್ತಿಯ ವಿವರ ಬರುವ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿ. ಎಷ್ಟು ಮತ್ತರು ಭೂಮಿ, ಯಾವ ಕೋಲಿನಿಂದ ಅಳೆದದ್ದು, ಮೂಡಣಕ್ಕೆ ಯಾವ ಹಳ್ಳ, ತೆಂಕಣಕ್ಕೆ ಯಾವ ದಾರಿ, ಎಲ್ಲೆಕಲ್ಲು ಎಲ್ಲಿದೆ ಎಂಬುದೆಲ್ಲ ಅಲ್ಲಿರುತ್ತೆ. ಕೆರೆಗೆ ಸಂಬಂಧಿಸಿದ ಶಾಸನಗಳಲ್ಲಿ ‘ಬಿಟ್ಟುವಟ್ಟ’ ಅನ್ನೋ ಪದ ಸಿಗುತ್ತೆ. ಕೆರೆಯ ನೀರುಣ್ಣುವ ಭೂಮಿಯ ಬೆಳೆಯಲ್ಲಿ ಒಂದು ಪಾಲನ್ನು, ಕೆಲವೆಡೆ ಭೂಮಿಯನ್ನೇ, ಆ ಕೆರೆಯ ದುರಸ್ತಿಗೆಂದು ಬಿಡುವ ಏರ್ಪಾಡು ಅದು. ಹೂಳು ಸಾಗಿಸುವ ಬಂಡಿಗೂ ದತ್ತಿ ಬಿಟ್ಟ ಉದಾಹರಣೆಗಳಿವೆ. ಒಟ್ಟಿನಲ್ಲಿ ನೀರುಂಡವರೇ ಏರಿಯನ್ನೂ ತೂಬನ್ನೂ ಕಾಯುವ ಖರ್ಚು ಹೊರಬೇಕಿತ್ತು.

ಇದರ ಹಿಂದಿನ ಧರ್ಮಶಾಸ್ತ್ರದ ವಿಚಾರವನ್ನು ಬಿಡಿಸಿ ಬರೆದದ್ದು ಇದೇ ಕಲ್ಯಾಣದಲ್ಲಿ. ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ನಮ್ಮ ಕೋರ್ಟುಗಳು ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ಉಲ್ಲೇಖಿಸುತ್ತಾ ಬಂದ ಗ್ರಂಥವೆಂದೇ ಅದು ಪ್ರಸಿದ್ಧಿ. ಪಾಲಾಗದ ಆಸ್ತಿಯ ಮಾತೂ ಅದರಲ್ಲಿದೆ ಅನ್ನೋದು ಅಷ್ಟು ಜನಕ್ಕೆ ಗೊತ್ತಿಲ್ಲ. ಊರವರು ಸೇರಿ ಮಾಡಿಕೊಂಡ ಕಟ್ಟುಪಾಡನ್ನು ಎಲ್ಲರೂ ಪಾಲಿಸಬೇಕು ಎಂದು ಸ್ಮೃತಿ ಹೇಳುತ್ತೆ. ಎಂಥ ಕಟ್ಟುಪಾಡು ಅನ್ನೋದಕ್ಕೆ ವಿಜ್ಞಾನೇಶ್ವರ ಕೊಡೋ ಉದಾಹರಣೆಗಳು ಮೂರು: ದನ ಮೇಯುವ ಜಾಗದ ರಕ್ಷಣೆ, ನೀರಿನ ರಕ್ಷಣೆ, ದೇವಾಲಯದ ಪಾಲನೆ. ಸಮುದಾಯದ ಸ್ವತ್ತನ್ನು ಕದ್ದವನಿಗೆ, ಒಪ್ಪಂದ ಮುರಿದವನಿಗೆ ಸ್ಮೃತಿ ಹೇಳುವ ಶಿಕ್ಷೆ ಸರ್ವಸ್ವ ಜಪ್ತಿ, ಜೊತೆಗೆ ಗಡೀಪಾರು.

ಅಳತೆಯನ್ನೂ ಅದೇ ಸ್ಮೃತಿ ಕೊಡುತ್ತೆ. ಊರಿಗೂ ಹೊಲಕ್ಕೂ ನಡುವೆ ಹಳ್ಳಿಯಾದರೆ 100 ಧನುಸ್ಸು, ದೊಡ್ಡೂರಾದರೆ 200, ನಗರವಾದರೆ 400 ಧನುಸ್ಸು ಖಾಲಿ ಬಿಡಬೇಕು. ಧನುಸ್ಸಿಗೆ ನಾಲ್ಕು ಮೊಳ, ಅಂದರೆ ಸುಮಾರು ಆರಡಿ. ಹಾಗಾದರೆ ಹಳ್ಳಿಯ ಸುತ್ತ ಸುಮಾರು 180 ಮೀಟರ್ ಬಯಲು. ಇಂದಿನ ಕರ್ನಾಟಕ ಭೂಕಂದಾಯ ನಿಯಮಗಳು (1966) ಊರಿನ ಗಾತ್ರದ ಬದಲು ದನಗಳನ್ನು ಎಣಿಸುತ್ತವೆ: 100 ದನಗಳಿಗೆ 12 ಹೆಕ್ಟೇರ್ ಗೋಮಾಳ.

ಅತಿಬಳಕೆಯ ಬಗ್ಗೆ ಕಲ್ಲಿನ ಮೇಲೇ ಓದಬೇಕಾದರೆ ಕಲ್ಯಾಣದಿಂದ ದೂರ, ಎರಡೂವರೆ ಶತಮಾನದಷ್ಟು ಈಚೆಗೆ ಬರಬೇಕು. ಆಂಧ್ರದ ಪೋರುಮಾಮಿಳ್ಳ ಕೆರೆಯ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ 6 ದೋಷಗಳನ್ನೂ ಪಟ್ಟಿ ಮಾಡುತ್ತೆ. ಏರಿ ಸೋರುವುದು, ಉಪ್ಪುಮಣ್ಣು ಇಂಥವುಗಳ ಜೊತೆಗೇ ಇನ್ನೆರಡು ದೋಷಗಳಿವೆ: ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು, ನೀರು ಕಡಿಮೆಯಿದ್ದು ಉಣಿಸಬೇಕಾದ ಭೂಮಿ ಹೆಚ್ಚಿರುವುದು. ಮೊದಲನೆಯದು ಯಜಮಾನಿಕೆಯ ಗೊಂದಲ, ಎರಡನೆಯದು ಅತಿಬಳಕೆ. ಮಣ್ಣಿನ ದೋಷದಷ್ಟೇ ಇವೂ ಕೆರೆಗೆ ಕೇಡು ಅಂತ ಆ ಕೆರೆ ಕಟ್ಟಿಸಿದವರಿಗೆ ಗೊತ್ತಿತ್ತು.

ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಸೇರಿ ಹಾಳುಮಾಡ್ತಾರೆ ಅಂತ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ. ಎಲ್ಲೆ ಗೊತ್ತಿದ್ದು, ಕಾಯುವವರಿದ್ದು, ತಪ್ಪಿಗೆ ದಂಡ ಇದ್ದರೆ ಜನ ಉಳಿಸಿಕೊಳ್ತಾರೆ ಅಂತ ಹಲವು ದೇಶಗಳ ಉದಾಹರಣೆ ಕೊಟ್ಟು ತೋರಿಸಿದ ಎಲಿನೋರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ದತ್ತಿ ಶಾಸನಗಳ ನಡುಭಾಗ ಓದಿದವರಿಗೆ ಆಕೆಯ ಪಟ್ಟಿ ಪರಿಚಿತವೇ ಅನ್ನಿಸುತ್ತೆ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳ್ತಾ ಇಲ್ಲ. ಅಂದಿನ ಒಪ್ಪಂದಗಳಲ್ಲಿ ಮಾತು ನಡೀತಾ ಇದ್ದದ್ದು ಮಹಾಜನರದು, ಒಕ್ಕಲುಗಳದು. ಭೂಮಿ ಇಲ್ಲದವರಿಗೆ, ಹೆಂಗಸರಿಗೆ ಅಲ್ಲಿ ಎಷ್ಟು ಜಾಗ ಇತ್ತು ಅನ್ನೋದನ್ನೂ ಕೇಳಬೇಕು. ಅದೇ ಕಲ್ಯಾಣದಲ್ಲಿ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ವಾಪಸ್ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಮಾತು ಅದಕ್ಕೇ ನನಗೆ ಮುಖ್ಯ.

ಈಗ ಬಸವಕಲ್ಯಾಣದಲ್ಲಿ ತ್ರಿಪುರಾಂತಕ ಕೆರೆ ಕಣ್ಣಿಗೆ ಕಾಣುತ್ತೆ; ನೀರು ಎಷ್ಟಿಳಿದಿದೆ ಅಂತ ದಂಡೆಯಲ್ಲಿ ನಿಂತ ಯಾರಾದರೂ ಹೇಳಬಹುದು. ಬೋರ್‌ವೆಲ್‌ನ ನೀರು ಹಾಗಲ್ಲ. ಈ ಸೀಮೆಯ ಕರಿಕಲ್ಲಿನ ಬಿರುಕುಗಳಲ್ಲಿ ಅಡಗಿರುವ ನೀರನ್ನು ಒಬ್ಬ ಎತ್ತಿದರೆ ಪಕ್ಕದವನಿಗೆ ಕಡಿಮೆಯಾಗಬಹುದು. ಆದರೆ ಅದಕ್ಕೆ ತೂಬಿಲ್ಲ, ಬಿಟ್ಟುವಟ್ಟವೂ ಇಲ್ಲ. ಕೆರೆ, ಗೋಮಾಳದಂಥ ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೆ ಹೇಳಿದೆ. ತೆರವಿಗೆ ಮೊದಲು ಎಲ್ಲೆ ಗೊತ್ತಾಗಬೇಕಲ್ಲ!

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಜಲಸಂಗ್ವಿ, ನಾರಾಯಣಪುರದ ಕಡೆ ಹೋದಾಗ ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ ಬಿದ್ದಿರುವ ಅಕ್ಷರವಿಲ್ಲದ ಎಲ್ಲೆಕಲ್ಲುಗಳನ್ನೂ ಫೋಟೊ ತೆಗೆಯಿರಿ, ಇರುವ ಜಾಗ ಬರೆದಿಟ್ಟುಕೊಳ್ಳಿ. ಕಲ್ಲನ್ನು ಮಾತ್ರ ಕದಲಿಸಬೇಡಿ. ಅದು ಅಲ್ಲೇ ಇದ್ದರೆ ತಾನೇ ಊರಿಗೆ ಸಾಕ್ಷಿ.