‘ಸ’ ಅಂದರೆ ಸಕುರಾ, ‘ಸ’ ಅಂದರೆ ಸಯೋನಾರಾ: ಒಂದೇ ಅಕ್ಷರದಡಿ ಸೇರಿದ ಜಪಾನಿ ಹಾಡುಗಳು

1966ರ ‘ಲವ್ ಇನ್ ಟೋಕಿಯೊ’ ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ‘ಸಯೋನಾರಾ’ ಕೇಳಿದವರಿಗೆಲ್ಲ ಒಂದು ಜಪಾನಿ ಪದವಾದರೂ ಗೊತ್ತು. ಶಂಕರ್–ಜೈಕಿಶನ್ ಜೋಡಿಯ ಆ ಕುಣಿಯುವ ಧಾಟಿಯಿಂದಾಗಿ ಅದೊಂದು ಉಲ್ಲಾಸದ ಪದವೆಂದೇ ಭಾರತೀಯರ ನೆನಪಿನಲ್ಲಿ ಉಳಿದಿದೆ. ಜಪಾನಿನಲ್ಲಿ ಹಾಗಲ್ಲ. ನಾಳೆ ಮತ್ತೆ ಸಿಗುವ ಗೆಳೆಯನಿಗೆ ಅಲ್ಲಿ ಯಾರೂ ಸಯೋನಾರಾ ಎನ್ನುವುದು ಕಡಿಮೆ. ಮೂಲದಲ್ಲಿ ಅದರ ಅರ್ಥ ‘ಹಾಗಿದ್ದ ಮೇಲೆ...’ ಎಂದಷ್ಟೇ. ಮುಂದಿನ ಮಾತು ನುಂಗಿಕೊಂಡಂತೆ. ನಮ್ಮ ‘ಹೋಗಿ ಬರುತ್ತೇನೆ’ಯಲ್ಲಿ ಮರಳಿ ಬರುವ ಭರವಸೆ ಇದೆ. ಸಯೋನಾರಾದಲ್ಲಿ ಅದಿಲ್ಲ.

ಜಪಾನಿನ ಹಾಡುಗಳನ್ನು ಶೀರ್ಷಿಕೆಯ ಮೊದಲ ಅಕ್ಷರದ ಪ್ರಕಾರ ಜೋಡಿಸಿ ‘ಸ’ ಪುಟವನ್ನು ತೆರೆದರೆ ಎದ್ದು ಕಾಣುವ ಪದಗಳಲ್ಲಿ ಇದೊಂದು. ಇನ್ನೊಂದು ಸಕುರಾ, ಅಂದರೆ ಚೆರ್ರಿ ಹೂವು.

ಹೀಗೆ ಅಕ್ಷರ ಹಿಡಿದು ಹಾಡು ಹುಡುಕುವುದು ಅಲ್ಲಿ ಮಕ್ಕಳಾಟವಲ್ಲ, ನಿತ್ಯದ ಅಭ್ಯಾಸ. 1971ರಲ್ಲಿ ಕೋಬೆ ನಗರದ ವಾದ್ಯಗಾರ ಇನೊಉಎ ದೈಸುಕೆ ಬಾಡಿಗೆಗೆ ಕೊಡಲು ಶುರುಮಾಡಿದ ಯಂತ್ರಗಳಿಂದ ಕರಾವೊಕೆ ಬೆಳೆದ ಮೇಲೆ, ಪ್ರತಿ ಕೋಣೆಯಲ್ಲೂ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪದ ಹಾಡಿನ ಪುಸ್ತಕ ಇರುತ್ತಿತ್ತು. ಈಗ ಅದರ ಜಾಗಕ್ಕೆ ಟಚ್‌ಸ್ಕ್ರೀನ್ ಬಂದಿದೆ, ಅಕ್ಷರದ ಕ್ರಮ ಮಾತ್ರ ಬದಲಾಗಿಲ್ಲ.

ಬರೆಯುವುದು ಹೇಗಾದರೂ, ಸೇರುವುದು ಒಂದೇ ಪುಟ

ಜಪಾನಿ ಭಾಷೆಯ ಒಂದು ಶೀರ್ಷಿಕೆಯನ್ನು ನಾಲ್ಕು ರೀತಿಯಲ್ಲಿ ಬರೆಯಬಹುದು: ಚೀನಾ ಮೂಲದ ಕಾಂಜಿ ಚಿತ್ರಾಕ್ಷರ, ದುಂಡನೆಯ ಹಿರಾಗಾನಾ, ಚೂಪುಚೂಪಾದ ಕಟಕಾನಾ, ಅಥವಾ ರೋಮನ್ ಲಿಪಿ. ಮೊರಿಯಾಮಾ ನವೊತಾರೊ 2003ರಲ್ಲಿ ಹಾಡಿದ ‘ಸಕುರಾ’ ಹಿರಾಗಾನಾದಲ್ಲಿದೆ. 2005ರಲ್ಲಿ ಬಂದ ಕೊಬುಕುರೊ ಜೋಡಿಯ ‘ಸಕುರಾ’ ಕಾಂಜಿಯಲ್ಲಿದೆ. ಇಕಿಮೊನೊ ಗಕಾರಿ ತಂಡ 2006ರಲ್ಲಿ ಹೊರತಂದ ‘ಸಕುರಾ’ ರೋಮನ್ ಅಕ್ಷರಗಳಲ್ಲಿದೆ. ಕಣ್ಣಿಗೆ ಮೂರೂ ಬೇರೆ ಬೇರೆ ಹೆಸರು, ಕಿವಿಗೆ ಒಂದೇ. ಪಟ್ಟಿ ಕಿವಿಯ ಮಾತು ಕೇಳುತ್ತದೆ.

ಕನ್ನಡಿಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನ ‘ಎಸ್’ ಬರೀ ವ್ಯಂಜನ. ಜಪಾನಿ ‘ಸ’ ನಮ್ಮ ‘ಸ’ದಂತೆ ವ್ಯಂಜನಕ್ಕೆ ಸ್ವರ ಕೂಡಿದ ಪೂರ್ಣಾಕ್ಷರ. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಜಪಾನಿ ಮಕ್ಕಳು ಕಲಿಯುವ ಅಕ್ಷರಮಾಲೆ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ತ ಆದ ಮೇಲೆ ನ ಬರುವುದು, ಯ ಆದ ಮೇಲೆ ರ ಬರುವುದು ಕಾಕತಾಳೀಯವಲ್ಲ. ಬೌದ್ಧ ಮಂತ್ರಗಳನ್ನು ಸರಿಯಾಗಿ ಉಚ್ಚರಿಸಲು ಜಪಾನಿನ ಭಿಕ್ಷುಗಳು ಸಿದ್ಧಂ ಲಿಪಿಯನ್ನೂ ಸಂಸ್ಕೃತದ ವರ್ಣಮಾಲೆಯನ್ನೂ ಕಲಿತರು. ಆ ಓದಿನಿಂದ ಈ ಕ್ರಮ ರೂಪುಗೊಂಡಿತು.

ಹಾಗಾದರೆ ನಮ್ಮ ‘ಚ’ ಇರಬೇಕಾದ ಜಾಗದಲ್ಲಿ ‘ಸ’ ಏಕೆ ಕೂತಿದೆ? ಹಿಂದೆ ಆ ಅಕ್ಷರದ ಉಚ್ಚಾರ ‘ಚ’ಕ್ಕೆ ಹತ್ತಿರವಿತ್ತು ಎಂಬುದು ಅನೇಕ ಭಾಷಾತಜ್ಞರ ಅಭಿಪ್ರಾಯ. ‘ಪ’ದ ಜಾಗದಲ್ಲಿ ‘ಹ’ ಇರುವುದಕ್ಕೂ ಇಂಥದ್ದೇ ಕಾರಣ. ಅಲ್ಲಿ ಹಳೆಯ ‘ಪ’ಕಾರ ಕಾಲಕ್ರಮೇಣ ‘ಹ’ ಆಯಿತು. ಹಳಗನ್ನಡದ ಪಾಲು ಹಾಲಾದದ್ದನ್ನೂ ಪುಲಿ ಹುಲಿಯಾದದ್ದನ್ನೂ ಬಲ್ಲವರಿಗೆ ಇದು ಪರಿಚಿತ ದಾರಿಯೇ.

ಹೂವಿನ ಹಾಡುಗಳ ನೂಕುನುಗ್ಗಲು

‘ಸ’ ಪುಟದಲ್ಲಿ ಬೇರೆ ಹಾಡುಗಳೂ ಇವೆ. ಯೊಶಿ ಇಕುಜೊ ಅವರ ‘ಸಕೆ ಯೊ’ ಮದ್ಯವನ್ನೇ ಮಾತಾಡಿಸುವ ಎಂಕಾ ಗೀತೆ. ಆದರೆ ಸಕುರಾ ಹಾಡುಗಳ ಮುಂದೆ ಇವೆಲ್ಲ ಅಲ್ಪಸಂಖ್ಯಾತರು.

ಇದರಲ್ಲಿ ಹಳೆಯದು ‘ಸಕುರಾ ಸಕುರಾ’. ಎದೊ ಕಾಲದಲ್ಲಿ ಕೊತೊ ವಾದ್ಯ ಕಲಿಯುವವರ ಅಭ್ಯಾಸದ ಧಾಟಿಯಾಗಿದ್ದ ಇದನ್ನು ಟೋಕಿಯೊ ಸಂಗೀತ ಶಾಲೆ 1888ರಲ್ಲಿ ತನ್ನ ಸಂಗ್ರಹದಲ್ಲಿ ಅಚ್ಚು ಹಾಕಿತು. ಇತ್ತೀಚಿನ ಭರಾಟೆ ಶುರುವಾದದ್ದು 2000ದ ಆಸುಪಾಸಿನಲ್ಲಿ. ಆ ವರ್ಷ ಫುಕುಯಾಮಾ ಮಸಹಾರು ಅವರ ‘ಸಕುರಾಜಕಾ’ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 2002ರಲ್ಲಿ ಉತಾದಾ ಹಿಕಾರು ಅವರ ‘ಸಕುರಾ ಡ್ರಾಪ್ಸ್’ ಬಂತು. 2005 ಒಂದರಲ್ಲೇ ಕೆತ್ಸುಮೆಯಿಶಿ, ನಕಾಶಿಮಾ ಮಿಕಾ, ಅರಾಶಿ, ಕೊಬುಕುರೊ ಎಲ್ಲರದ್ದೂ ಒಂದೊಂದು ಸಕುರಾ.

ಹೂವು ಚೆಂದ ಎಂಬುದಷ್ಟೇ ಕಾರಣವಲ್ಲ, ಕ್ಯಾಲೆಂಡರೂ ಕಾರಣ. ಜಪಾನಿನಲ್ಲಿ ಶಾಲೆ ಮುಗಿಯುವುದು ಮಾರ್ಚ್‌ನಲ್ಲಿ, ಹೊಸ ತರಗತಿ ಮತ್ತು ಹೊಸ ನೌಕರಿ ಶುರುವಾಗುವುದು ಏಪ್ರಿಲ್‌ನಲ್ಲಿ. ಟೋಕಿಯೊದಲ್ಲಿ ಹೂವು ಅರಳಿ ಉದುರುವುದೂ ಸರಿಯಾಗಿ ಆ ನಡುವೆಯೇ. ಅಗಲಿಕೆ, ವರ್ಗಾವಣೆ, ಊರು ಬಿಡುವುದು ಎಲ್ಲಕ್ಕೂ ಅದೇ ಹೂವು ಸಾಕ್ಷಿ. ಪ್ರವೇಶ ಪರೀಕ್ಷೆಯ ಫಲಿತಾಂಶ ಟೆಲಿಗ್ರಾಂನಲ್ಲಿ ಬರುತ್ತಿದ್ದ ಕಾಲದಲ್ಲಿ ‘ಸಕುರಾ ಅರಳಿತು’ ಎಂದರೆ ಪಾಸು, ‘ಸಕುರಾ ಉದುರಿತು’ ಎಂದರೆ ಫೇಲು. ಆ ಟೆಲಿಗ್ರಾಂಗಳ ಲಿಪಿ ಕಟಕಾನಾ. ಕೋಚಿಂಗ್ ಸಂಸ್ಥೆಯೊಂದರ ಜಾಹೀರಾತಿಗೆ ಬಳಕೆಯಾದ ಅರಾಶಿ ತಂಡದ ‘ಸಕುರಾ ಸಕೆ’ಯಲ್ಲಿ ಹೂವಿನ ಹೆಸರು ಕಟಕಾನಾದಲ್ಲಿದೆ. ನೋಡಿದ ತಕ್ಷಣ ಜಪಾನಿಯರಿಗೆ ಪರೀಕ್ಷೆಯ ಎದೆಬಡಿತ ನೆನಪಾಗಲು ಅಷ್ಟು ಸಾಕು.

ಅಕ್ಷರದ ನಿಯಮಕ್ಕೆ ಕರುಣೆ ಇಲ್ಲ ಎನ್ನುವುದನ್ನೂ ಹೇಳಬೇಕು. ಎಕೆಬಿ48 ತಂಡದ 2009ರ ‘ಜೂನೆನ್ ಸಕುರಾ’ (ಹತ್ತು ವರ್ಷದ ಸಕುರಾ) ಇದೇ ಹೂವಿನ ಹಾಡಾದರೂ ‘ಜು’ ಎಂದು ಶುರುವಾಗುವುದರಿಂದ ಬಂಧುಬಳಗ ಬಿಟ್ಟು ಬೇರೆ ಪುಟಕ್ಕೆ ಹೋಗುತ್ತದೆ.

ಸಯೋನಾರಾ ಹಾಡುಗಳಲ್ಲಿ ಆಫ್ ಕೋರ್ಸ್ ತಂಡದ 1979ರ ‘ಸಯೋನಾರಾ’ ಇಂದಿಗೂ ಜನಪ್ರಿಯ. ಆದರೆ ಹೆಚ್ಚು ಮಾತಿಗೆ ಬರುವುದು ಯಮಾಗುಚಿ ಮೊಮೊಎ ಅವರ ‘ಸಯೋನಾರಾ ನೊ ಮುಕೋಗಾವಾ’, ಅಂದರೆ ವಿದಾಯದ ಆಚೆ ಬದಿ. 1980ರ ಅಕ್ಟೋಬರ್ 5ರಂದು ಟೋಕಿಯೊದ ನಿಪ್ಪೊನ್ ಬುದೊಕಾನ್‌ನಲ್ಲಿ ಈ ಹಾಡು ಮುಗಿಸಿದ 21ರ ಹರೆಯದ ಗಾಯಕಿ, ಮೈಕನ್ನು ವೇದಿಕೆಯ ನೆಲದ ಮೇಲಿಟ್ಟು ಹೊರಟುಹೋದರು. ಮದುವೆಯಾದರು, ಮತ್ತೆಂದೂ ವೇದಿಕೆ ಹತ್ತಲಿಲ್ಲ. ಸಯೋನಾರಾ ಪದದ ಪೂರ್ತಿ ತೂಕ ತಿಳಿಯಬೇಕಾದರೆ ಈ ಒಂದು ಸಂಜೆ ಸಾಕು.

ಹೆಸರು ಕಳೆದುಕೊಂಡ ಹಾಡು

ಜಗತ್ತಿಗೆಲ್ಲ ಗೊತ್ತಿರುವ ಜಪಾನಿ ಹಾಡು ಮಾತ್ರ ತನ್ನ ಅಕ್ಷರವನ್ನೇ ಕಳೆದುಕೊಂಡಿತು. ಸಕಾಮೊತೊ ಕ್ಯು 1961ರಲ್ಲಿ ಹಾಡಿದ ‘ಉಎ ಒ ಮುಯಿತೆ ಅರುಕೋ’ ಜಪಾನಿನಲ್ಲಿ ‘ಉ’ ಪುಟದ ಹಾಡು. ಅರ್ಥ: ತಲೆ ಎತ್ತಿ ನಡೆಯೋಣ. ಕಣ್ಣೀರು ಕೆಳಗಿಳಿಯದಿರಲೆಂದು ಮುಖ ಮೇಲೆತ್ತಿಕೊಂಡು ಒಬ್ಬನೇ ನಡೆಯುವವನ ಹಾಡು ಅದು. ಬರೆದವರು ಎಯಿ ರೊಕುಸುಕೆ, ಸಂಗೀತ ನಕಾಮುರಾ ಹಚಿದಾಯಿ ಅವರದು.

ಇದನ್ನು ಬ್ರಿಟನ್ನಿಗೆ ಒಯ್ದ ರೆಕಾರ್ಡ್ ಕಂಪನಿಗೆ ಈ ಹೆಸರು ನಾಲಿಗೆಗೆ ಹೊರಳದು ಎನ್ನಿಸಿತು. ಕೆನ್ನಿ ಬಾಲ್ ತಂಡ ನುಡಿಸಿದ ಅದರ ಧಾಟಿಗೆ ‘ಸುಕಿಯಾಕಿ’ ಎಂದು ಹೆಸರಿಟ್ಟರು. ಸುಕಿಯಾಕಿ ಎಂದರೆ ದನದ ಮಾಂಸ, ತರಕಾರಿ, ಸೋಯಾ ಸಾಸ್ ಹಾಕಿ ಬೇಯಿಸುವ ಒಂದು ಅಡುಗೆ. ಹಾಡಿನಲ್ಲಿ ಆ ಪದವೇ ಇಲ್ಲ. ವಿರಹಗೀತೆಯೊಂದಕ್ಕೆ ‘ಬಿಸಿಬೇಳೆ ಬಾತ್’ ಎಂದು ಹೆಸರಿಟ್ಟ ಹಾಗೆ! ಸಕಾಮೊತೊ ಅವರ ಮೂಲ ಧ್ವನಿಮುದ್ರಿಕೆಯೂ ಅದೇ ಹೆಸರಿನಲ್ಲಿ ಅಮೆರಿಕಕ್ಕೆ ಹೋಗಿ, 1963ರ ಜೂನ್‌ನಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ ಮೂರು ವಾರ ನಿಂತಿತು. 1981ರಲ್ಲಿ ಎ ಟೇಸ್ಟ್ ಆಫ್ ಹನಿ ತಂಡ ಇಂಗ್ಲಿಷ್ ಸಾಹಿತ್ಯದೊಂದಿಗೆ ಮತ್ತೆ ಹಾಡಿದಾಗಲೂ ಹೆಸರು ಸುಕಿಯಾಕಿಯೇ. ಹೀಗೆ ‘ಉ’ದಲ್ಲಿ ಹುಟ್ಟಿದ ಹಾಡು ಹೊರಗಿನವರ ಬಾಯಲ್ಲಿ ‘ಸು’ ಆಗಿ ‘ಸ’ ಸಾಲಿಗೆ ಬಂದು ಬಿತ್ತು. ಕೋಟ್ಯಂತರ ಜನ ಗುನುಗಿದರು. ಅಳು ತಡೆದುಕೊಳ್ಳುವ ಹಾಡು ಅದೆಂಬ ಸುಳಿವು ಹೆಸರಿನಲ್ಲಿ ಉಳಿದಿರಲಿಲ್ಲ.

1985ರ ಆಗಸ್ಟ್ 12ರಂದು ಟೋಕಿಯೊದಿಂದ ಒಸಾಕಾಗೆ ಹೊರಟ ಜಪಾನ್ ಏರ್‌ಲೈನ್ಸ್ ವಿಮಾನ ಪತನವಾಗಿ 520 ಮಂದಿ ಸತ್ತರು. ಅವರಲ್ಲಿ ಸಕಾಮೊತೊ ಒಬ್ಬರು. ಆಗ ಅವರಿಗೆ 43 ವರ್ಷ. ಅವರು ಹುಟ್ಟಿದ ಕಾವಾಸಾಕಿ ನಗರದ ಕೇಕ್ಯು ಕಾವಾಸಾಕಿ ನಿಲ್ದಾಣದಲ್ಲಿ ರೈಲು ಬರುವ ಸೂಚನೆಯಾಗಿ ಅದೇ ಧಾಟಿ ಮೊಳಗುತ್ತದೆ. ಅಲ್ಲಿ ಅದಕ್ಕೆ ಸಾಹಿತ್ಯವೂ ಇಲ್ಲ, ಶೀರ್ಷಿಕೆಯೂ ಇಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಅದು ಯಾವ ಹಾಡೆಂದು ಹೇಳಬೇಕಾಗಿಯೂ ಇಲ್ಲ.