ಹದಿಮೂರು ತಿಂಗಳ ವರ್ಷ

ದೂರವಾಣಿ ಮತ್ತು ಅಂತರಜಾಲದ ದರವನ್ನು ಕಂಪೆನಿಯವರು ಮೇಲಿಂದಮೇಲೆ ಏರಿಸುತ್ತಿರುವ ವಿಷಯವು ವಾಚಕ ಮಹಾಶಯರಿಗೆ ವಿದಿತವೇ ಆಗಿದೆ. 2019ರ ಡಿಸೆಂಬರಿನಲ್ಲಿ ಒಮ್ಮೆ, 2021ರ ಕೊನೆಯಲ್ಲಿ ಇನ್ನೊಮ್ಮೆ, 2024ರ ಜುಲೈ ಮೊದಲ ವಾರದಲ್ಲಿ ಮಗುದೊಮ್ಮೆ ಈ ಏರಿಕೆಯಾಯಿತು. ಕಡೆಯ ಸಲವಂತೂ ಜಿಯೊ, ಏರ್‌ಟೆಲ್, ವಿ ಎಂಬ ಮೂರು ಕಂಪೆನಿಯವರೂ ಒಂದೆರಡು ದಿನಗಳ ಅಂತರದಲ್ಲಿಯೇ ದರವನ್ನೇರಿಸಿದರು. ದಿನಕ್ಕೆ ಒಂದೂವರೆ ಜಿ.ಬಿ. ಕೊಡುವ ಜಿಯೊದವರ 239 ರೂಪಾಯಿಯ ಪ್ಯಾಕು 299 ಆಯಿತು. ಅದೂ 28 ದಿನಗಳಿಗೆ. ನಮಗೆ ಅಧಿಕಮಾಸವು ಎರಡು ಮೂರು ವರ್ಷಕ್ಕೊಮ್ಮೆ ಬಂದರೆ ಈ ಮಹನೀಯರ ಪಂಚಾಂಗದಲ್ಲಿ ಅದು ಪ್ರತಿ ವರ್ಷವೂ ಬರುತ್ತದೆ! ಹದಿಮೂರು ಸಲ ಹಣ ತೆತ್ತು ವರ್ಷವನ್ನು ಕಳೆಯುವವನಿಗೆ ಒಂದು ಫೋನಿಗೆ 780 ರೂಪಾಯಿ ಹೆಚ್ಚಿಗೆ ಬಿತ್ತು.

ಇದು ಯಾರ ಕೈಯಿಂದ ಹೋಗತಕ್ಕ ಹಣ? ಮಂಡ್ಯದ ಕಬ್ಬಿನ ಬೆಳೆಗಾರನು ತನ್ನ ಬೆಳೆಗೆ ತಾನೇ ಬೆಲೆ ಕಟ್ಟಲಾರನು. ಕೇಂದ್ರ ಸರ್ಕಾರದವರು ಅದೇ 2024-25ರ ಸಾಲಿಗೆ ಕ್ವಿಂಟಲಿಗೆ 315 ರೂಪಾಯಿ ಇದ್ದುದನ್ನು 340ಕ್ಕೆ ಏರಿಸಿದರು. ಅಂದರೆ ನೂರಕ್ಕೆ ಎಂಟರಷ್ಟು. ಅವನು ಕೊಳ್ಳುವ ಪ್ಯಾಕಿಗೆ ಏರಿದ್ದು ನೂರಕ್ಕೆ ಇಪ್ಪತ್ತೈದು. ಮದ್ದೂರಿನ ಎಳನೀರು ಮಾರುಕಟ್ಟೆಯ ಧಾರಣೆ ತಿಳಿಯಲು, ಪಹಣಿ ನೋಡಲು, ಬ್ಯಾಂಕಿನ ಓ.ಟಿ.ಪಿ. ಪಡೆಯಲು ಫೋನು ಬೇಕೇ ಬೇಕು. ಸರ್ಕಾರದವರೇ ಎಲ್ಲ ವ್ಯವಹಾರವನ್ನೂ ಅದರೊಳಗೆ ಸೇರಿಸಿರುವಾಗ ಇದನ್ನು ಭೋಗವಸ್ತುವೆಂದು ಹೇಳುವುದು ನ್ಯಾಯವಲ್ಲ.

ಕಂಪೆನಿಯವರ ಪಕ್ಷವನ್ನೂ ಹೇಳಬೇಕು. 2022ರ ಹರಾಜಿನಲ್ಲಿ ತರಂಗಗಳಿಗಾಗಿ ಒಟ್ಟು ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿಗೆ ಕೂಗಿದವರು ಅದನ್ನು ಎಲ್ಲಿಂದಲಾದರೂ ಹುಟ್ಟಿಸಬೇಕಷ್ಟೆ. ದರವು ಎಂದಿಗೂ ಏರಲೇಕೂಡದೆಂದು ನಾವು ವಾದಿಸುವುದಿಲ್ಲ. ಏರಿಸುವ ಕ್ರಮವೇ ನಮ್ಮ ಆಕ್ಷೇಪಣೆಗೆ ವಿಷಯ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಇಂದು ಆ ವಿದ್ಯುತ್ತಿನ ದರವನ್ನು ಏರಿಸಬೇಕಾದರೆ ನಮ್ಮ ಚೆಸ್ಕಾಂನವರು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಲೆಕ್ಕವನ್ನಿಟ್ಟು ಅರ್ಜಿ ಸಲ್ಲಿಸಬೇಕು, ಅದು ಪ್ರಕಟವಾಗಬೇಕು, ಪಂಪುಸೆಟ್ಟಿನ ರೈತನೂ ಎದ್ದು ನಿಂತು ಆಕ್ಷೇಪಣೆ ಹೇಳಬಹುದು. ದೂರಸಂಪರ್ಕಕ್ಕೆ ಇಂತಹ ಕಟ್ಟಳೆಯಿಲ್ಲ. 1997ರ ಕಾನೂನು ಟ್ರಾಯ್ ಪ್ರಾಧಿಕಾರಕ್ಕೆ ದರ ಗೊತ್ತುಮಾಡುವ ಅಧಿಕಾರವನ್ನು ಕೊಟ್ಟಿದ್ದರೂ, ಪೈಪೋಟಿಯೇ ದರವನ್ನು ತಗ್ಗಿಸುವುದೆಂಬ ನಂಬಿಕೆಯಿಂದ ಪ್ರಾಧಿಕಾರವು ಬಹುಮಟ್ಟಿಗೆ ಕೈಕಟ್ಟಿ ಕುಳಿತಿದೆ. ಪೈಪೋಟಿಗಾರರು ಒಂದೇ ವಾರದಲ್ಲಿ ಒಟ್ಟಿಗೆ ಮೇಲೇರುವಾಗ ಆ ನಂಬಿಕೆಗೆ ಆಧಾರವೇನು?

ಪ್ರಾಧಿಕಾರವು ಮನಸ್ಸು ಮಾಡಿದರೆ ಕೆಲಸವಾಗುತ್ತದೆ. 30 ದಿನಗಳ ಪ್ಯಾಕು ಒಂದಾದರೂ ಇರಲೇಬೇಕೆಂದು 2022ರಲ್ಲಿ ಅದು ವಿಧಿಸಿತು. ಮಾತು ಮತ್ತು ಸಂದೇಶ ಮಾತ್ರ ಬೇಕಾದವರಿಗೆ ಪ್ರತ್ಯೇಕ ಪ್ಯಾಕು ಕೊಡತಕ್ಕದ್ದೆಂದು 2024ರ ಡಿಸೆಂಬರಿನಲ್ಲಿ ಅಪ್ಪಣೆ ಮಾಡಿತು. ಬ್ರಿಟನ್ನಿನಲ್ಲಿ, ಒಪ್ಪಂದದ ನಡುವೆ ಹಣದುಬ್ಬರದ ನೆಪದಲ್ಲಿ ದರವೇರಿಸುವ ಪದ್ಧತಿಯನ್ನು ಅಲ್ಲಿನ ಪ್ರಾಧಿಕಾರವು 2025ರ ಜನವರಿಯಿಂದ ಹೊಸ ಒಪ್ಪಂದಗಳಲ್ಲಿ ನಿಷೇಧಿಸಿದೆ. ಏರುವ ಮೊತ್ತವನ್ನು ಗ್ರಾಹಕನಿಗೆ ಮೊದಲೇ ತಿಳಿಸತಕ್ಕದ್ದು.

2024ರ ಜುಲೈಯಲ್ಲಿ ದರವೇರಿಸದೆ ಉಳಿದದ್ದು ದೇಶದ ಸ್ವಂತ ಸಂಸ್ಥೆಯಾದ ಬಿ.ಎಸ್.ಎನ್.ಎಲ್. ಒಂದೇ. ಲಕ್ಷಾಂತರ ಜನರು ಅತ್ತ ತಿರುಗಿದರು; ಆದರೆ ಅದರ ಸ್ವದೇಶೀ 4ಜಿ ಜಾಲವು ಅಧಿಕೃತವಾಗಿ ಉದ್ಘಾಟನೆಗೊಂಡದ್ದು 2025ರ ಸೆಪ್ಟೆಂಬರಿನಲ್ಲಿ. ಇಷ್ಟು ತಡಮಾಡಿದ್ದು ಖೇದಕರ. ಮುಂದಿನ ಏರಿಕೆಗೆ ಮುಂಚೆ ಕಂಪೆನಿಯವರು ಲೆಕ್ಕವನ್ನು ಬಹಿರಂಗಪಡಿಸುವಂತೆಯೂ, ಪ್ರಾಧಿಕಾರದವರು ಜಿಲ್ಲೆಗಳಿಗೆ ಬಂದು ಅಹವಾಲು ಕೇಳುವಂತೆಯೂ ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ದೆಹಲಿಯಲ್ಲಿ ಒತ್ತಾಯಿಸಬೇಕು.