ಟರ್ಬೋ ಎಂಜಿನ್ನಿನ ಕುಟುಂಬ ವಾಹನ: ಅದರ ಬಲ, ಅದರ ಮಿತಿ

ದಿಬ್ಬೂರಹಳ್ಳಿಯಂತಹ ಗ್ರಾಮಗಳಲ್ಲಿ ಮದುವೆಯ ದಿಬ್ಬಣ, ತಿರುಪತಿ ಯಾತ್ರೆ, ಬೆಂಗಳೂರಿನ ಆಸ್ಪತ್ರೆಗೆ ಹೋಗಿಬರುವ ಪ್ರಯಾಣ ಮುಂತಾದ ಸಂದರ್ಭಗಳಲ್ಲಿ “ಒಂದು ಗಾಡಿ ಗೊತ್ತುಮಾಡಿಕೊಡಿ” ಎಂಬ ಕೋರಿಕೆ ಅನೇಕ ವೇಳೆ ಗ್ರಾಮ ಪಂಚಾಯಿತಿ ಸದಸ್ಯರ ಬಳಿಗೇ ಬರುತ್ತದೆ. ಹೀಗೆ ಗೊತ್ತುಮಾಡುವ ವಾಹನಗಳಲ್ಲಿ ಇನ್ನೋವಾದಂತಹ ಏಳೆಂಟು ಆಸನಗಳ ಡೀಸೆಲ್ ವಾಹನಗಳಿಗೆ ಪ್ರಮುಖ ಸ್ಥಾನವಿದೆ. ಇವುಗಳಲ್ಲಿರುವ ಟರ್ಬೋ ಎಂಜಿನ್ನಿನ ಸಾಮರ್ಥ್ಯವೇನು, ಆ ಸಾಮರ್ಥ್ಯ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಸದಸ್ಯರು ಅರಿತಿದ್ದರೆ ಗ್ರಾಮಸ್ಥರಿಗೆ ಸರಿಯಾದ ಸಲಹೆ ನೀಡಲು ಸಾಧ್ಯ. ಈ ಲೇಖನದ ಉದ್ದೇಶ ಅಷ್ಟೇ. ಯಾವುದೇ ಕಂಪನಿಯ ವಾಹನವನ್ನು ಇಲ್ಲಿ ಶಿಫಾರಸು ಮಾಡಿಲ್ಲ.

1. ಬಿಡದಿಯಲ್ಲಿ ತಯಾರಾದ ಮೂರು ವಾಹನಗಳು

ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯ ಕಾರ್ಖಾನೆ ಬೆಂಗಳೂರಿನ ಸಮೀಪದ ಬಿಡದಿಯಲ್ಲಿದೆ. ಅಲ್ಲಿಂದ 2000ನೇ ಇಸವಿಯಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2016ರಲ್ಲಿ ಇನ್ನೋವಾ ಕ್ರಿಸ್ಟಾ ಮಾರುಕಟ್ಟೆಗೆ ಬಂದವು. ಕ್ವಾಲಿಸ್‌ನ 2.4 ಲೀಟರ್ ಡೀಸೆಲ್ ಎಂಜಿನ್ನಿಗೆ ಟರ್ಬೋ ಇರಲಿಲ್ಲ; ಅದರ ಶಕ್ತಿ ಸುಮಾರು 75 ಅಶ್ವಶಕ್ತಿ. ಮೊದಲ ಇನ್ನೋವಾದ 2.5 ಲೀಟರ್ ಟರ್ಬೋ ಡೀಸೆಲ್ ಎಂಜಿನ್ 102 ಅಶ್ವಶಕ್ತಿ ನೀಡುತ್ತಿತ್ತು. ಕ್ರಿಸ್ಟಾದ 2.4 ಲೀಟರ್ ಎಂಜಿನ್ನಿನ ಶಕ್ತಿ 150 ಅಶ್ವಶಕ್ತಿಯಷ್ಟಿದೆ. ಎಂಜಿನ್ನಿನ ಗಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿದು ಶಕ್ತಿ ಮಾತ್ರ ಇಮ್ಮಡಿಯಾಗಿದೆ. ಇದಕ್ಕೆ ಇಂಧನವನ್ನು ಅಧಿಕ ಒತ್ತಡದಲ್ಲಿ ಸಿಂಪಡಿಸುವ ವ್ಯವಸ್ಥೆ ಒಂದು ಕಾರಣ; ಟರ್ಬೋ ಚಾರ್ಜರ್ ಮತ್ತೊಂದು ಮುಖ್ಯ ಕಾರಣ.

2. ಟರ್ಬೋ ಕೆಲಸ ಮಾಡುವ ಬಗೆ

ಕಮ್ಮಾರನ ಕುಲುಮೆಗೆ ತಿದಿ ಹೇಗೋ ಎಂಜಿನ್ನಿಗೆ ಟರ್ಬೋ ಹಾಗೆ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಎಷ್ಟೇ ಡೀಸೆಲ್ ಸುರಿದರೂ ಹೊರಬರುವುದು ಕಪ್ಪು ಹೊಗೆಯೇ ಹೊರತು ಬಲವಲ್ಲ. ಟರ್ಬೋ ಚಾರ್ಜರಿನಲ್ಲಿ ಒಂದೇ ದಂಡದ ಎರಡು ತುದಿಗಳಿಗೆ ಎರಡು ಪುಟ್ಟ ಚಕ್ರಗಳಿರುತ್ತವೆ. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರೊಡನೆ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ವ್ಯರ್ಥವಾಗಿ ಹೋಗುತ್ತಿದ್ದ ಹೊಗೆಯ ಶಕ್ತಿಯೇ ಇಲ್ಲಿ ದುಡಿಯುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಈ ತತ್ತ್ವಕ್ಕೆ ಪೇಟೆಂಟ್ ಪಡೆದರು.

ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ಇಂಟರ್‌ಕೂಲರ್ ಎಂಬ ಜಾಲರಿಯ ಮೂಲಕ ತಣಿಸಿ ಎಂಜಿನ್ನಿಗೆ ಕಳುಹಿಸಲಾಗುತ್ತದೆ.

ನಮ್ಮ ಜಿಲ್ಲೆಗೆ ಟರ್ಬೋದಿಂದ ಇನ್ನೊಂದು ಪ್ರಯೋಜನವಿದೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಸಮುದ್ರತೀರದ ಗಾಳಿಗಿಂತ ಶೇಕಡ 8ರಷ್ಟು ತೆಳು. 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಈ ಕೊರತೆ ಶೇಕಡ 13ನ್ನು ಮೀರುತ್ತದೆ. ಟರ್ಬೋ ಇಲ್ಲದ ಎಂಜಿನ್ ಎತ್ತರಕ್ಕೆ ಹೋದಂತೆ ಸೊರಗುತ್ತದೆ. ಟರ್ಬೋ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

3. ಚಾಲನೆಯಲ್ಲಿ ಕಾಣುವ ಗುಣ

ಮ್ಯಾನುಯಲ್ ಗೇರಿನ ಕ್ರಿಸ್ಟಾದ ಎಂಜಿನ್ ನಿಮಿಷಕ್ಕೆ 1,400ರಿಂದ 2,800 ಸುತ್ತುಗಳ ನಡುವೆ 343 ನ್ಯೂಟನ್ ಮೀಟರ್ ತಿರುಗುಬಲ ನೀಡುತ್ತದೆ. ಕಡಿಮೆ ವೇಗದಲ್ಲಿಯೇ ಪೂರ್ಣ ಬಲ ದೊರೆಯುವುದರಿಂದ ಆಸನಗಳೆಲ್ಲ ತುಂಬಿದ್ದರೂ ವಾಹನ ಏರನ್ನು ಸುಲಭವಾಗಿ ಹತ್ತುತ್ತದೆ. ಪದೇಪದೇ ಗೇರ್ ಬದಲಿಸಬೇಕಾದ ಅಗತ್ಯವಿಲ್ಲ.

ಆದರೆ 1,400 ಸುತ್ತುಗಳಿಗಿಂತ ಕೆಳಗೆ ಟರ್ಬೋಗೆ ಸಾಕಷ್ಟು ಹೊಗೆ ಒದಗುವುದಿಲ್ಲ. ಆ ಸ್ಥಿತಿಯಲ್ಲಿ ಆಕ್ಸಿಲರೇಟರ್ ತುಳಿದರೂ ಕ್ಷಣಕಾಲ ಬಲ ಬಾರದು, ಅನಂತರ ಒಮ್ಮೆಲೇ ಬರುತ್ತದೆ. ಎರಡು ಪಥದ ರಸ್ತೆಯಲ್ಲಿ ಮುಂದಿನ ಟ್ರ್ಯಾಕ್ಟರನ್ನು ದಾಟಲು ಮೇಲಿನ ಗೇರಿನಲ್ಲಿಯೇ ಹೊರಟ ಚಾಲಕನು ಆ ಒಂದೆರಡು ಕ್ಷಣಗಳನ್ನು ಎದುರು ಬರುವ ವಾಹನದ ಮುಂದೆ ಕಳೆಯಬೇಕಾಗುತ್ತದೆ. ದಾಟುವ ಮೊದಲೇ ಗೇರ್ ಇಳಿಸಿಕೊಳ್ಳುವುದು ಸರಿಯಾದ ಕ್ರಮ.

4. ಬಲ ಹೆಚ್ಚಿದರೂ ಮಿತಿ ಹೆಚ್ಚಿಲ್ಲ

ಟರ್ಬೋ ಎಂಜಿನ್ನಿಗೆ ಮಾತ್ರ ಸಂಬಂಧಿಸಿದ್ದು. ಅದರಿಂದ ಬ್ರೇಕಿನ ಹಿಡಿತ ಹೆಚ್ಚುವುದಿಲ್ಲ, ಟೈರಿನ ತಾಳಿಕೆ ಹೆಚ್ಚುವುದಿಲ್ಲ, ಆಸನಗಳ ಸಂಖ್ಯೆಯೂ ಹೆಚ್ಚುವುದಿಲ್ಲ. ಹಳೆಯ ವಾಹನಕ್ಕೆ ಹೆಚ್ಚು ಜನ ಹತ್ತಿದರೆ ಎಂಜಿನ್ನೇ ತಿಣುಕಿ ಎಚ್ಚರಿಕೆ ನೀಡುತ್ತಿತ್ತು. ಟರ್ಬೋ ವಾಹನ ಹಾಗೆ ತಿಣುಕುವುದಿಲ್ಲ. ಏಳು ಆಸನಗಳಲ್ಲಿ ಹನ್ನೆರಡು ಜನರನ್ನು ಕೂರಿಸಿದರೂ ಅದು ಸರಾಗವಾಗಿ ಓಡುವುದರಿಂದ ಎಲ್ಲವೂ ಸರಿಯಿದೆಯೆಂಬ ಭ್ರಮೆ ಉಂಟಾಗುತ್ತದೆ.

ತಲಾ 60 ಕಿಲೋಗ್ರಾಂ ಎಂದು ಲೆಕ್ಕ ಹಾಕಿದರೂ ಹೆಚ್ಚುವರಿ ಐದು ಜನರ ತೂಕ 300 ಕಿಲೋಗ್ರಾಂ. ಈ ತೂಕ ಬಹುಪಾಲು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಟೈರುಗಳು ಬಿಸಿಯಾಗಿ ಸಿಡಿಯುವ ಸಂಭವ ಹೆಚ್ಚುತ್ತದೆ. ಮುಂಭಾಗ ಹಗುರವಾಗಿ ಸ್ಟೀರಿಂಗಿನ ಹಿಡಿತ ತಗ್ಗುತ್ತದೆ. ಹೆಡ್‌ಲೈಟಿನ ಬೆಳಕು ಮೇಲೆದ್ದು ಎದುರಿನ ಚಾಲಕನ ಕಣ್ಣಿಗೆ ಬೀಳುತ್ತದೆ. ಹೆಚ್ಚುವರಿಯಾಗಿ ಕುಳಿತವರಿಗೆ ಸೀಟ್ ಬೆಲ್ಟ್ ಕೂಡ ಇರುವುದಿಲ್ಲ.

ವೇಗದ ಲೆಕ್ಕವನ್ನೂ ಗಮನಿಸಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿನಲ್ಲಿ 22 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ಪೂರ್ಣವಾಗಿ ನಿಲ್ಲಲು ಒಟ್ಟು 55ರಿಂದ 60 ಮೀಟರ್ ಬೇಕು. ವೇಗ 100 ಕಿಲೋಮೀಟರಿಗೆ ಏರಿದರೆ ಈ ದೂರ 80 ಮೀಟರನ್ನು ದಾಟುತ್ತದೆ. ಮಂಜಿನಲ್ಲಿ 30 ಮೀಟರ್ ಮಾತ್ರ ಕಾಣುತ್ತಿದ್ದರೆ 40 ಕಿಲೋಮೀಟರಿಗಿಂತ ಹೆಚ್ಚಿನ ವೇಗ ಸುರಕ್ಷಿತವಲ್ಲ.

ಇದು ಜಿಲ್ಲೆಯ ಅನುಭವಕ್ಕೆ ಹೊರತಾದ ಮಾತಲ್ಲ. 2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ದಟ್ಟ ಮಂಜಿನ ನಡುವೆ ಪ್ರಯಾಣಿಕರ ವಾಹನವೊಂದು ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಡಿಕ್ಕಿ ಹೊಡೆದು 13 ಜನರು ಮೃತಪಟ್ಟರು.

5. ಸುರಕ್ಷತಾ ಸೌಲಭ್ಯಗಳು

ಹಠಾತ್ತನೆ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ಎಬಿಎಸ್ ತಡೆಯುತ್ತದೆ. ಇದರಿಂದ ಬ್ರೇಕ್ ಹಿಡಿದಿರುವಾಗಲೂ ವಾಹನವನ್ನು ಪಕ್ಕಕ್ಕೆ ತಿರುಗಿಸಬಹುದು. ಕ್ರಿಸ್ಟಾದ ದುಬಾರಿ ಮಾದರಿಯಲ್ಲಿ ಏಳು ಏರ್‌ಬ್ಯಾಗುಗಳಿವೆ, ಕಡಿಮೆ ಬೆಲೆಯ ಮಾದರಿಗಳಲ್ಲಿ ಅಷ್ಟಿಲ್ಲ. ಏರ್‌ಬ್ಯಾಗು ಸೀಟ್ ಬೆಲ್ಟಿನ ಜೊತೆಗೂಡಿ ಕಾಪಾಡುವ ಸಾಧನವೇ ಹೊರತು ಬೆಲ್ಟಿನ ಬದಲಿಯಲ್ಲ. ಮುಂದಿನ ಆಸನದಲ್ಲಿ ಮಡಿಲಿನ ಮೇಲೆ ಮಗುವನ್ನು ಕೂರಿಸಿಕೊಂಡರೆ ತೆರೆದುಕೊಳ್ಳುವ ಏರ್‌ಬ್ಯಾಗೇ ಮಗುವಿಗೆ ಅಪಾಯಕಾರಿ. ಹಿಂದಿನ ಆಸನದಲ್ಲಿ ಮುಂದಕ್ಕೆ ಮುಖ ಮಾಡಿ ಕೂರುವವರಿಗೂ ಬೆಲ್ಟ್ ಕಡ್ಡಾಯವಾಗಿದೆ.

6. ಟರ್ಬೋ ಬಾಳಿಕೆಗೆ ಕ್ರಮಗಳು

ಟರ್ಬೋ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಅವುಗಳ ದಂಡವನ್ನು ಸವೆಯದಂತೆ ಕಾಯುವುದು ಎಂಜಿನ್ ಆಯಿಲಿನ ತೆಳುವಾದ ಪದರ. ಆದ್ದರಿಂದ ಸ್ವಂತ ವಾಹನ ಹೊಂದಿರುವವರು ಹಾಗೂ ಬಾಡಿಗೆ ವಾಹನದ ಮಾಲೀಕರು ಈ ಅಂಶಗಳನ್ನು ಪಾಲಿಸುವುದು ಒಳಿತು.

(ಅ) ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಆಯಿಲನ್ನೇ ನಿಗದಿತ ಅವಧಿಯಲ್ಲಿ ಬದಲಿಸತಕ್ಕದ್ದು.
(ಆ) ಎಂಜಿನ್ ಚಾಲೂ ಮಾಡಿದ ಕೂಡಲೇ ಜೋರಾಗಿ ರೇಸ್ ಮಾಡಬಾರದು.
(ಇ) ಬೆಟ್ಟ ಹತ್ತಿದ ಅಥವಾ ಹೆದ್ದಾರಿಯಲ್ಲಿ ವೇಗವಾಗಿ ಓಡಿದ ನಂತರ ಒಂದೆರಡು ನಿಮಿಷ ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟು ಆಮೇಲೆ ನಿಲ್ಲಿಸತಕ್ಕದ್ದು. ತಕ್ಷಣ ನಿಲ್ಲಿಸಿದರೆ ಆಯಿಲಿನ ಹರಿವು ನಿಂತು, ಕಾದ ಟರ್ಬೋದೊಳಗೆ ಉಳಿದ ಆಯಿಲ್ ಕರಕಲಾಗುತ್ತದೆ.
(ಈ) ಮಣ್ಣುರಸ್ತೆಯ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಬೇಸಿಗೆಯಲ್ಲಿ ಹೆಚ್ಚು ಬಾರಿ ಪರೀಕ್ಷಿಸತಕ್ಕದ್ದು.
(ಉ) ಕಪ್ಪು ಹೊಗೆ ಗಾಳಿಯ ಕೊರತೆಯನ್ನೂ, ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನೂ ಸೂಚಿಸುತ್ತದೆ. ಎರಡರಲ್ಲಿ ಯಾವುದು ಕಂಡರೂ ಮೆಕ್ಯಾನಿಕ್ ಬಳಿ ತೋರಿಸತಕ್ಕದ್ದು.

7. ವಾಹನ ಗೊತ್ತುಮಾಡುವ ಮುನ್ನ

ನೋಂದಣಿ ಪತ್ರದಲ್ಲಿ ನಮೂದಿಸಿರುವ ಆಸನಗಳ ಸಂಖ್ಯೆಯಲ್ಲಿ ಚಾಲಕನೂ ಸೇರಿರುತ್ತಾನೆ. ಅಂದರೆ ಏಳು ಆಸನದ ವಾಹನದಲ್ಲಿ ಪ್ರಯಾಣಿಕರು ಆರೇ ಜನ. ಮೋಟಾರು ವಾಹನ ಕಾಯಿದೆಯ 194-ಎ ಕಲಮಿನಂತೆ ಪ್ರತಿ ಹೆಚ್ಚುವರಿ ಪ್ರಯಾಣಿಕನಿಗೆ 200 ರೂಪಾಯಿ ದಂಡವಿದೆ. ಅವರನ್ನು ಇಳಿಸಿ ಬೇರೆ ವ್ಯವಸ್ಥೆ ಮಾಡುವವರೆಗೆ ವಾಹನ ಮುಂದೆ ಸಾಗುವಂತಿಲ್ಲ. ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಅಂತಹ ವಾಹನ ಅಪಘಾತಕ್ಕೀಡಾದರೆ ವಿಮಾ ಪರಿಹಾರಕ್ಕೆ ತಕರಾರು ಎದುರಾಗುತ್ತದೆ, ಅದರ ಹೊರೆ ಬಡ ಕುಟುಂಬದ ಮೇಲೆ ಬೀಳುತ್ತದೆ.

ಆದುದರಿಂದ ಸದಸ್ಯರು ವಾಹನ ಗೊತ್ತುಮಾಡುವಾಗ ಹಳದಿ ಫಲಕ, ಪರವಾನಗಿ, ಚಾಲ್ತಿಯಲ್ಲಿರುವ ವಿಮೆ ಮತ್ತು ಅರ್ಹತಾ ಪತ್ರ, ಟೈರುಗಳ ಸ್ಥಿತಿ, ಮೂರೂ ಸಾಲಿನ ಬೆಲ್ಟುಗಳು ಇವಿಷ್ಟನ್ನು ಖಚಿತಪಡಿಸಿಕೊಳ್ಳಬೇಕು. ರಾತ್ರಿಯಿಡೀ ವಾಹನ ಓಡಿಸಿ ಬಂದ ಚಾಲಕನನ್ನೇ ಮರುದಿನ ಮುಂಜಾನೆ ಮತ್ತೆ ಕಳುಹಿಸುವಂತೆ ಮಾಲೀಕರನ್ನು ಒತ್ತಾಯಿಸಬಾರದು. ಚಳಿಗಾಲದಲ್ಲಿ ಮಂಜು ಕರಗಿದ ನಂತರವೇ ಹೊರಡುವಂತೆ ಮುಹೂರ್ತ ಮತ್ತು ಪ್ರಯಾಣದ ಸಮಯವನ್ನು ಹೊಂದಿಸಿಕೊಳ್ಳಲು ಗ್ರಾಮಸ್ಥರಿಗೆ ತಿಳಿಹೇಳಬೇಕು. ತುರ್ತು ಸ್ಥಿತಿಯ ರೋಗಿಗೆ ಬಾಡಿಗೆ ವಾಹನ ಹುಡುಕುತ್ತ ಸಮಯ ಕಳೆಯದೆ ಮೊದಲು 108ಕ್ಕೆ ಕರೆ ಮಾಡಿಸಬೇಕು. ಹನ್ನೆರಡು ಜನ ಹೊರಟಿದ್ದರೆ ಎರಡು ವಾಹನ ಅಥವಾ ಹೆಚ್ಚು ಆಸನಗಳ ಒಂದು ದೊಡ್ಡ ವಾಹನ ಮಾಡುವಂತೆ ಹೇಳಬೇಕು. ಬಾಡಿಗೆ ಸ್ವಲ್ಪ ಹೆಚ್ಚಾದೀತು. ಊರಿಗೆ ಊರೇ ಶೋಕದಲ್ಲಿ ಮುಳುಗುವ ಸಂದರ್ಭ ತಪ್ಪೀತು.